ಅಕ್ಕ ನೋಡಿದ ಮೀನು

ಅಕ್ಕನ ಕನ್ನಡಕ ಮಸುಕಾಗಿತ್ತು ಎಂದು ನಾನು ಈಗ ಆಣೆ ಮಾಡಿ ಹೇಳಲಾರೆ. ಮೂರು ವರ್ಷಗಳ ಹಿಂದೆ ಹೇಳಿದ್ದೆ. ಇಪ್ಪತ್ತು ಜನ ಕೂತಿದ್ದ ಪಡಸಾಲೆಯಲ್ಲಿ, ಎಲ್ಲರಿಗೂ ಕೇಳುವಂತೆ, ಸಮುದ್ರದೊಳಗೆ ನಿನಗೆ ಏನೂ ಕಂಡಿಲ್ಲ ಎಂದು ಅವಳಿಗೆ ಹೇಳಿದ್ದೆ. ಆಮೇಲೆ ಅವಳು ಆ ಮಾತನ್ನೇ ಎತ್ತಲಿಲ್ಲ. ನನ್ನೊಡನೆ ಬೇರೆ ಮಾತುಗಳೂ ಕಡಿಮೆಯಾದವು. ಆ ದಿನ ನೇತ್ರಾಣಿ ದ್ವೀಪದ ಪಕ್ಕದ ನೀರಿನಲ್ಲಿ ನಿಜವಾಗಿ ಏನು ನಡೆಯಿತೆಂದು ನೆನಪಿನಿಂದ ಹೆಕ್ಕಿ ಬರೆಯಲು ಕೂತಿದ್ದೇನೆ. ಇದರಲ್ಲಿ ಎಷ್ಟು ನಾನು ಕಂಡದ್ದು, ಎಷ್ಟು ಆಮೇಲೆ ತುಂಬಿಕೊಂಡದ್ದು, ನನಗೇ ತಿಳಿಯದು.

ನೆನಪನ್ನು ನಂಬದಿರುವುದು ನನ್ನ ಕಸುಬು ಕೂಡ ಹೌದು. ಧಾರವಾಡದ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರ ಓದಿದೆ. ಸಂಶೋಧನೆಗೆ ಸೇರಿ ಅರ್ಧಕ್ಕೆ ಬಿಟ್ಟೆ. ಎರಡು ಕಾಲೇಜುಗಳಲ್ಲಿ ಅತಿಥಿ ಉಪನ್ಯಾಸಕನಾಗಿದ್ದು ಅದನ್ನೂ ಬಿಟ್ಟೆ. ಎಲ್ಲಿಯೂ ಎರಡು ವರ್ಷಕ್ಕಿಂತ ಹೆಚ್ಚು ಕಾಲೂರಲಿಲ್ಲ. ಈಗ ಬೇರೆಯವರ ಸಂಶೋಧನೆಗಳಿಗೆ ಹಳ್ಳಿ ಹಳ್ಳಿ ತಿರುಗಿ ಸಮೀಕ್ಷೆ ಮಾಡಿಕೊಡುತ್ತೇನೆ. ಹೋದ ವಾರ ಎಷ್ಟು ಸಲ ಬೇಳೆ ಮಾಡಿದಿರಿ, ಮಗುವಿಗೆ ಜ್ವರ ಬಂದು ಎಷ್ಟು ದಿನವಾಗಿತ್ತು ಎಂದು ಕೇಳುತ್ತೇನೆ. ಉತ್ತರ ಹೇಳುತ್ತಾರೆ. ಅರ್ಧ ಗಂಟೆ ಬಿಟ್ಟು ಅದನ್ನೇ ತಿರುಗಿಸಿ ಕೇಳಿದರೆ ಬೇರೆ ಉತ್ತರ ಹೇಳುತ್ತಾರೆ. ಯಾರೂ ಬೇಕಂತ ಸುಳ್ಳು ಹೇಳುವುದಿಲ್ಲ, ಎರಡು ಸಲವೂ ಮುಖದಲ್ಲಿ ಅಷ್ಟೇ ಭರವಸೆ ಇರುತ್ತದೆ. ಧಾರವಾಡದಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು ಒಬ್ಬನೇ ಇದ್ದೇನೆ. ತಿಂಗಳಲ್ಲಿ ಅರ್ಧದಷ್ಟು ದಿನ ಆ ಕೋಣೆಗೂ ಬೀಗ.

ಅಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು. ಅವಳನ್ನು ಮೊರಬಕ್ಕೆ ಕೊಟ್ಟಿದ್ದೇವೆ. ಮಾವ, ಅಂದರೆ ಅವಳ ಗಂಡ, ಅಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಾರೆ. ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಅಕ್ಕನೂ ಮಾತಾಡುವವಳಲ್ಲ, ಕೇಳುವವಳು. ಗಿರಣಿಯ ಬಾಗಿಲಲ್ಲಿ ಸರದಿಗೆ ಕೂತ ಹೆಂಗಸರು ತಮ್ಮ ತಮ್ಮ ಮನೆಯದನ್ನೆಲ್ಲ ಹೇಳುತ್ತಿದ್ದರು, ಇವಳು ಹೂಂಗುಡುತ್ತ ಡಬ್ಬಿಗಳನ್ನು ಸಾಲಿಗೆ ಹಚ್ಚುತ್ತಿದ್ದಳು. ಅವಳಿಗೆ ಹೇಳಲು ತನ್ನದೆಂಬ ಒಂದು ಸಂಗತಿ ಇದ್ದದ್ದನ್ನು ಆ ಪ್ರವಾಸದವರೆಗೆ ನಾನು ಕಂಡಿರಲಿಲ್ಲ.

ಪ್ರವಾಸ ಹೊರಟಿದ್ದು ಅವಳ ಮಹಿಳಾ ಸಂಘದವರು. ಹದಿಮೂರು ಜನ ಹೆಂಗಸರು, ಒಂದು ಟೆಂಪೋ. ಮುರುಡೇಶ್ವರಕ್ಕೆ ಹೋಗಿ ದೇವರ ದರ್ಶನ ಮಾಡಿ ಬರುವುದೆಂದು ನಿಶ್ಚಯವಾಗಿತ್ತು. ಆದರೆ ಸಂಘದ ಅಧ್ಯಕ್ಷೆ ತನ್ನ ಫೋನಿನಲ್ಲಿ ಒಂದು ವಿಡಿಯೋ ನೋಡಿದ್ದಳು. ಬೋಟಿನಲ್ಲಿ ದ್ವೀಪದ ತನಕ ಕರೆದೊಯ್ದು, ಮೂಗು ಮುಚ್ಚುವ ಕನ್ನಡಕ ಹಾಕಿಸಿ, ಬಾಯಿಗೆ ಉಸಿರಾಡುವ ಕೊಳವೆ ಕೊಟ್ಟು, ನೀರಿನ ಮೇಲೆ ತೇಲಿಸಿಕೊಂಡು ಕೆಳಗಿನ ಮೀನು ತೋರಿಸುತ್ತಾರೆ. ಈಜು ಬಾರದವರೂ ಹೋಗಬಹುದು. ಅಷ್ಟು ದೂರ ಹೋಗಿ ಬರೀ ದಂಡೆಯಲ್ಲಿ ಕಾಲು ತೋಯಿಸಿಕೊಂಡು ಬರುವುದೇನು ಎಂದು ಅವಳು ಹಟ ಹಿಡಿದಳು. ಲಾಡ್ಜು, ಬೋಟು ಎಂದೆಲ್ಲ ಫೋನು ಮಾಡಿ ಗೊತ್ತುಮಾಡಲು ಓದಿದ ಗಂಡಸೊಬ್ಬ ಬೇಕಾಗಿತ್ತು. ನನಗೆ ಆ ವಾರ ಕೆಲಸ ಇರಲಿಲ್ಲ. ಅಕ್ಕ ನನ್ನ ಹೆಸರು ಹೇಳಿದಳು.

ಮೊರಬದ ಸುತ್ತಿನ ನೀರಿನ ಬಗ್ಗೆ ಒಂದು ಮಾತು ಹೇಳಬೇಕು. ಅಲ್ಲಿ ನೆಲದೊಳಗಿನ ನೀರು ಸವಳು, ಬಾಯಿಗೆ ಹಾಕಲಾಗದು. ಕುಡಿಯುವುದಕ್ಕೆ ಕಾಲುವೆಯಿಂದ ತುಂಬಿಸಿದ ಕೆರೆ. ಕೆರೆಯ ಮೆಟ್ಟಿಲಿಳಿಯುವ ಮುನ್ನ ಚಪ್ಪಲಿ ಬಿಡಬೇಕು. ಕೊಡ ಮುಳುಗಿಸಬಹುದು, ಕೈಕಾಲು ಮುಖ ತೊಳೆಯುವಂತಿಲ್ಲ. ಉಗುಳಿದವನನ್ನು ಕಂಡರೆ ಮುದುಕಿಯರು ಅವನ ಮನೆಯ ತನಕ ಹೋಗಿ ಬೈದು ಬರುತ್ತಿದ್ದರು. ನಾವು ಹುಟ್ಟಿದ ಊರಲ್ಲೂ ಇದೇ ರೀತಿ. ಇದ್ದ ಒಂದೇ ದೊಡ್ಡ ನೀರಿಗೆ ಮೈ ಇಳಿಸುವಂತಿಲ್ಲವಾದ್ದರಿಂದ ನಮ್ಮ ಕಡೆ ಈಜು ಬಲ್ಲವರೇ ಕಡಿಮೆ. ಈಗ ಶುದ್ಧ ನೀರಿನ ಘಟಕ ಬಂದಿದೆ, ಕ್ಯಾನಿನಲ್ಲಿ ನೀರು ತರುತ್ತಾರೆ. ಆದರೂ ಅಕ್ಕ ಕೆರೆಯ ಹತ್ತಿರ ಹೋದರೆ ಚಪ್ಪಲಿ ಬಿಡುತ್ತಾಳೆ.

ಹೊಲದಲ್ಲಿ ಕಡಲೆ ಹೂ ಬಿಟ್ಟ ಹೊತ್ತು ಅದು, ಹೆಂಗಸರಿಗೆ ನಾಲ್ಕು ದಿನ ಬಿಡುವಿತ್ತು. ಕಲಘಟಗಿ ದಾಟಿ ಕಾಡು ಶುರುವಾದ ಮೇಲೆ ಟೆಂಪೋದಲ್ಲಿ ಹಾಡು ಶುರುವಾಯಿತು. ನಾನು ಡ್ರೈವರನ ಪಕ್ಕ ಕೂತಿದ್ದೆ. ಹಿಂದಿನ ನಗುವಿಗೆ ನಾನು ತಿರುಗಿದಾಗಲೆಲ್ಲ ಅದು ಸ್ವಲ್ಪ ತಗ್ಗುತ್ತಿತ್ತು. ಯಾರೂ ನನ್ನನ್ನು ದೂರ ಇಟ್ಟಿರಲಿಲ್ಲ. ರೊಟ್ಟಿ, ಶೇಂಗಾ ಚಟ್ನಿ, ಮೊಸರು ಎಲ್ಲ ನನಗೇ ಮೊದಲು ಕೊಟ್ಟರು. ಕೊಟ್ಟು, ತಮ್ಮ ಮಾತಿಗೆ ಮರಳಿದರು.

ಮರುದಿನ ಬೆಳಿಗ್ಗೆ ಬೋಟು ಹತ್ತಿದೆವು. ಹೆಂಗಸರು ಚೂಡಿದಾರ, ನೈಟಿ ಎಂದು ಸಿಕ್ಕಿದ್ದನ್ನು ಹಾಕಿಕೊಂಡು ಅದರ ಮೇಲೆ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ಬಿಗಿಸಿಕೊಂಡಿದ್ದರು. ಅಧ್ಯಕ್ಷೆ ಅಕ್ಕನನ್ನು ಮೇಲಿಂದ ಕೆಳಗೆ ನೋಡಿ, "ಕಾರಹುಣ್ಣಿವಿ ಎತ್ತಿಗೆ ಜೂಲ ಹಾಕಿದಂಗ ಕಾಣ್ತಿ ನೋಡಬೇ" ಎಂದಳು. ಅಕ್ಕ, ಎತ್ತಿಗೆ ಮೆರವಣಿಗೆಯಾದರೂ ಇರುತ್ತದೆ ಎಂದೋ ಏನೋ ಹೇಳಿದಳು. ಬಂದರು ಬಿಟ್ಟ ಅರ್ಧ ಗಂಟೆಗೆ ಮೆರವಣಿಗೆಯಲ್ಲಿ ಆರು ಜನ ವಾಂತಿ ಮಾಡಿಕೊಂಡು ಮಲಗಿದ್ದರು. ಉಳಿದವರು ಕಂಬಿ ಹಿಡಿದು ಬಿಗಿಯಾಗಿ ಕೂತಿದ್ದರು. ದ್ವೀಪ ಮೊದಲು ಒಂದು ಕಪ್ಪು ಕಲೆಯಾಗಿ, ಆಮೇಲೆ ಮರಗಳಿದ್ದ ಬಂಡೆಯಾಗಿ ಎದುರಿಗೆ ಬೆಳೆಯಿತು. ಅದರ ಮೇಲೆ ಇಳಿಯುವುದಿಲ್ಲ, ಪಕ್ಕದಲ್ಲಿ ಲಂಗರು ಹಾಕುತ್ತಾರೆ. ನೀರು ಅಲ್ಲಿ ತಿಳಿ ಹಸಿರು.

ನೀರಿಗಿಳಿಸುವವನು ನಡುವಯಸ್ಸಿನ ಮನುಷ್ಯ, ಮೀನುಗಾರರ ಮನೆಯವನು. ಕನ್ನಡಕ ಹಂಚಿ, ಹಾಕಿಕೊಳ್ಳುವ ಮೊದಲು ಗಾಜಿನ ಒಳಬದಿಗೆ ಉಗುಳಿ, ಬೆರಳಿಂದ ಉಜ್ಜಿ, ಸಮುದ್ರದ ನೀರಲ್ಲಿ ಅದ್ದಿ ತೆಗೆಯಬೇಕು ಎಂದು ಮಾಡಿ ತೋರಿಸಿದ. ಇಲ್ಲದಿದ್ದರೆ ಉಸಿರಿನ ಬಿಸಿಗೆ ಗಾಜು ಮಂಜುಗಟ್ಟಿ ಏನೂ ಕಾಣುವುದಿಲ್ಲ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಅಕ್ಕ ನನ್ನ ಕಡೆ ತಿರುಗಿದಳು.

"ನೀರಾಗ ಉಗುಳತಾರೇನೋ ತಮ್ಮಾ?"

ಉಪ್ಪುನೀರು ಅಮ್ಮಾ, ಇದನ್ನು ಯಾರೂ ಕುಡಿಯುವುದಿಲ್ಲ ಎಂದ ಅವನು.

"ಕುಡಿಯಾಕಲ್ರಿ. ಅದರಾಗ ಯಾರರ ಇರ್ತಾರಲ್ಲ" ಎಂದಳು ಅಕ್ಕ.

"ಮೀನ ಇರ್ತಾವ. ಅವೇನ ನಿನ್ನ ಮನಿ ಹುಡಿಕ್ಕೊಂಡ ಬೈಯಾಕ ಬರ್ತಾವೇನು?" ಎಂದು ಅಧ್ಯಕ್ಷೆ ನಕ್ಕಳು. ಆದರೆ ಅವಳೂ ಉಗುಳಲಿಲ್ಲ. ಸೆರಗಿಲ್ಲದ್ದರಿಂದ ನೈಟಿಯ ತುದಿಯಿಂದ ಗಾಜು ಒರೆಸಿಕೊಂಡಳು.

ನಾನು ಏನು ಮಾಡಿದೆ? ನನ್ನ ನೆನಪು ಹೇಳುವುದು ಇಷ್ಟು. ನಾನು ಅವರಿಗೆಲ್ಲ ಒಂದು ಸಣ್ಣ ಪಾಠ ಹೇಳಿದೆ. ಹಬೆಯ ಹನಿಗಳು ಗಾಜಿನ ಮೇಲೆ ಹೇಗೆ ಕೂರುತ್ತವೆ, ಎಂಜಲು ಅದನ್ನು ಹೇಗೆ ತಡೆಯುತ್ತದೆ ಎಂದು. ಹೇಳಿ, ಎಲ್ಲರ ಎದುರಿಗೆ ನನ್ನ ಗಾಜಿಗೆ ಉಗುಳಿ, ಬಗ್ಗಿ ಸಮುದ್ರದಲ್ಲಿ ಅದ್ದಿದೆ. ಚಿತ್ರ ಸ್ಪಷ್ಟವಾಗಿದೆ, ಬೋಟಿನ ಅಂಚಿನ ಒದ್ದೆ ಬಣ್ಣವೂ ಕಾಣುತ್ತದೆ. ಅಷ್ಟು ಸ್ಪಷ್ಟವಾಗಿರುವುದೇ ಈಗ ನನಗೆ ಅನುಮಾನ.

ಕೊನೆಗೆ ನೀರಿಗಿಳಿದವರು ಐದೇ ಜನ. ಗಾಳಿ ತುಂಬಿದ ರಬ್ಬರಿನ ಒಂದು ದೊಡ್ಡ ಬಳೆಗೆ ಇಬ್ಬಿಬ್ಬರು ಕೈಯೂರಬೇಕು, ಅವನು ಅದನ್ನು ಎಳೆದುಕೊಂಡು ಈಜುತ್ತಾನೆ. ಅಕ್ಕನೂ ನಾನೂ ಒಂದೇ ಬಳೆಗೆ. ಏಣಿಯ ಮೆಟ್ಟಿಲು ಮೆಟ್ಟಿಲಿಗೂ ಅವಳು ನಿಂತಳು. ನೀರಿಗೆ ಮೊದಲು ಬೆರಳು ತಾಗಿಸಿ, ಆ ಬೆರಳನ್ನು ಹಣೆಗೆ ಮುಟ್ಟಿಸಿಕೊಂಡು ಇಳಿದಳು. ಮುಖವನ್ನು ನೀರಿಗೆ ಹಾಕಿದ ಮೇಲೆ ನನಗೆ ಕೇಳಿದ್ದು ನನ್ನ ಉಸಿರು ಮಾತ್ರ. ಕೊಳವೆಯೊಳಗೆ ಹೋಗುವ ಸದ್ದು, ಬರುವ ಸದ್ದು, ಯಾರೋ ನನ್ನ ಕಿವಿಯಲ್ಲೇ ಮಲಗಿ ಗೊರಕೆ ಹೊಡೆದಂತೆ. ಮೇಲಿನ ಕೂಗಾಟ, ನಗು ಎಲ್ಲ ಒಮ್ಮೆಗೇ ನಿಂತುಹೋಯಿತು. ಒಂದು ಮೊಳ ದೂರದಲ್ಲಿ ಅಕ್ಕ ಇದ್ದಳು. ನಾನು ಬಳೆಯ ಮೇಲೆ ಕೈ ಸರಿಸಿ ಅವಳ ಬೆರಳಿಗೆ ಬೆರಳು ತಾಗಿಸಿದೆ. ಅವಳು ನೋಡಲಿಲ್ಲ, ಮುಖ ಎತ್ತಲೂ ಇಲ್ಲ. ಎಷ್ಟೋ ಹೊತ್ತು ಅವಳ ಮುಖ ನೀರಿನಲ್ಲೇ ಇತ್ತು. ನಾನು ನಡುವೆ ನಡುವೆ ಮುಖವೆತ್ತಿ ಬೋಟು ಎಲ್ಲಿದೆ ಎಂದು ನೋಡುತ್ತಿದ್ದೆ.

ಮೇಲೆ ಬಂದು ಅವಳು ಕನ್ನಡಕ ತೆಗೆದಾಗ ಗಾಜಿನ ಒಳಗೆಲ್ಲ ಬೆಳ್ಳಗೆ ಮಂಜು ಕಟ್ಟಿತ್ತು. ಇದು ನನ್ನ ನೆನಪಿನ ಕೊನೆಯ ಚಿತ್ರ, ಮತ್ತು ನನ್ನ ಒಂದೇ ಸಾಕ್ಷಿ.

ಬೋಟಿನಲ್ಲಿ ಅಕ್ಕ ಒದ್ದೆ ಕೂದಲಲ್ಲೇ ಕೂತು ಚುರುಮುರಿ ತಿಂದಳು. ಅವಳು ಬಾಯಿ ತೆರೆದದ್ದು ಮರಳುವ ದಾರಿಯಲ್ಲಿ, ಯಲ್ಲಾಪುರದ ಘಟ್ಟ ಹತ್ತುವಾಗ. ಅಷ್ಟು ಹೊತ್ತು ಒಳಗೇ ಕಟ್ಟಿಕೊಂಡಿದ್ದಳೆಂದು ಕಾಣುತ್ತದೆ. ನಾನು ಮುಂದಿನ ಸೀಟಿನಲ್ಲಿ ಕೂತು ಕೇಳಿಸಿಕೊಂಡೆ.

"ಗಿಣಿ ಹಸರ ಮೀನಾ. ಗಿಣೀಗತೆ ಚುಂಚು. ಕೆಳಗ ಕಲ್ಲಿತ್ತಲ್ಲ, ಆ ಕಲ್ಲಿಗೆ ಬಾಯಿ ಹಚ್ಚಿ ಕಡೀತಿತ್ತು. ಕಟಕಟ ಸಪ್ಪಳ ಕೇಳ್ತೈತಿ. ಪುಟಾಣಿ ಕಡದಂಗ."

ಹುರಿಗಡಲೆ ಕಡಿದಂತೆ ಎಂದು ಅವಳು ಹಲ್ಲಿನಲ್ಲಿ ಸದ್ದು ಮಾಡಿ ತೋರಿಸಿದಳು. ಟೆಂಪೋದಲ್ಲಿ ಎಲ್ಲರೂ ಕಿವಿಗೊಟ್ಟು ಕೇಳಿದರು. ಇನ್ನೊಮ್ಮೆ ಹೇಳಬೇ ಎಂದರು. ಇನ್ನೊಮ್ಮೆ ಹೇಳಿದಳು.

ಆ ವರ್ಷ ಮೊರಬದಲ್ಲಿ ಆ ಮೀನಿನ ಮಾತೇ ನಡೆಯಿತು. ಹಿಟ್ಟು ಬೀಸಿಸಲು ಬಂದ ಹೆಂಗಸರು ಅಕ್ಕನಿಂದ ಅದನ್ನು ಹೇಳಿಸುತ್ತಿದ್ದರು. ನಾನು ಎರಡು ಮೂರು ಸಲ ಅಲ್ಲಿದ್ದೆ. ಕಲ್ಲು ಕಡಿಯುವ ಜಾಗ ಬಂದಾಗ ಮಾವ ಗಿರಣಿಯ ಮೋಟರು ಬಂದ್ ಮಾಡುತ್ತಿದ್ದರು, ಸದ್ದು ಎಲ್ಲರಿಗೂ ಕೇಳಲೆಂದು. ಅವರು ಮುಗುಳ್ನಗುತ್ತಿರಲಿಲ್ಲ. ಸದ್ದು ಮುಗಿದ ಮೇಲೆ ಮತ್ತೆ ಶುರು ಮಾಡುತ್ತಿದ್ದರು. ನನಗೂ ಆಗ ರವಿವಾರಕ್ಕೊಮ್ಮೆ ಅಕ್ಕನ ಫೋನು ಬರುತ್ತಿತ್ತು. ಇವತ್ತು ಯಾರು ಕೇಳಿದರು, ಯಾರು ನಂಬಿದರು, ಯಾರು ಬಾಯಿ ಬಿಟ್ಟುಕೊಂಡು ಕೂತರು ಎಂದು ನಗುತ್ತ ಹೇಳುತ್ತಿದ್ದಳು. ನನ್ನ ಕೋಣೆಗೆ ಬರುತ್ತಿದ್ದದ್ದು ಅದೊಂದೇ ಫೋನು, ಕೆಲಸದವು ಬಿಟ್ಟರೆ.

ಆಮೇಲೆ ಕುಬಸ ಬಂತು. ಅಕ್ಕನ ಮಗಳನ್ನು ಅಣ್ಣಿಗೇರಿಗೆ ಕೊಟ್ಟಿದೆ. ಅವಳು ಬಸುರಿಯಾಗಿ ಏಳು ತಿಂಗಳಾದಾಗ ಮೊರಬದಲ್ಲಿ ಕುಬಸ ಮಾಡಿದರು. ಬೀಗರ ಮನೆಯಿಂದ ಟೆಂಪೋ ತುಂಬ ಜನ ಬಂದಿದ್ದರು. ಊಟಕ್ಕೆ ಮೊದಲು ಪಡಸಾಲೆಯಲ್ಲಿ ಕೂತಿದ್ದಾಗ ಮಗಳೇ ತನ್ನ ಅತ್ತೆಗೆ, ನಮ್ಮವ್ವ ಸಮುದ್ರದ ಒಳಗೆ ಹೋಗಿ ಬಂದಿದ್ದಾಳೆ ಎಂದಳು. ಬೀಗತಿ ಹೇಳಿರೆಂದರು. ಅಕ್ಕ ಸೆರಗು ಹೊದ್ದುಕೊಂಡು, ಮೊದಲು ನಾಚಿ, ಆಮೇಲೆ ನಾಚಿಕೆ ಬಿಟ್ಟು ಹೇಳತೊಡಗಿದಳು. ಮೀನು ಈಗ ಒಂದರ ಬದಲು ಮೂರಾಗಿತ್ತು. ಸದ್ದು ದೊಡ್ಡದಾಗಿತ್ತು. ನನಗೆ ಮೈಯಲ್ಲಿ ಏನೋ ಹರಿದಾಡಿತು. ಅದನ್ನು ಆಗ ಸತ್ಯನಿಷ್ಠೆ ಎಂದುಕೊಂಡೆ. ಅವಳ ಸುತ್ತ ಕೂತ ಜನರನ್ನು, ನನ್ನ ಸುತ್ತಲಿನ ಖಾಲಿ ಜಾಗವನ್ನು ನಾನು ಆಗ ಲೆಕ್ಕಕ್ಕೆ ಹಿಡಿಯಲಿಲ್ಲ.

"ಅಕ್ಕಾ, ನಿನ್ನ ಚಷ್ಮಾ ಪೂರ್ತಿ ಮಸಕ ಆಗಿತ್ತಲ್ಲ. ನಾ ಬಾಜುಕ ಇದ್ದೆ" ಎಂದೆ. "ಕಲ್ಲ ತಿನ್ನೂ ಮೀನ ಎಲ್ಲೈತಿ? ನೀರಾಗ ಸಪ್ಪಳ ಹೆಂಗ ಕೇಳ್ತೈತಿ? ನಿನಗ ಅಲ್ಲೆ ಏನೂ ಕಂಡಿಲ್ಲ."

ಬೀಗತಿ ಎಲೆಗೆ ಸುಣ್ಣ ಹಚ್ಚುತ್ತ, "ಹಂಗಾರ ನಮ್ಮ ಬೀಗತಿ ಕಣ್ಣ ಮುಚ್ಚಿಕೊಂಡ ಸಮುದ್ರ ನೋಡಿ ಬಂದಾರ ಅಂದಂಗಾತು" ಎಂದರು. ಪಡಸಾಲೆ ನಕ್ಕಿತು. ಅಕ್ಕನ ಮಗಳು ನಗಲಿಲ್ಲ, ತಲೆ ತಗ್ಗಿಸಿದಳು.

ಅಕ್ಕ ನನ್ನ ಕಡೆ ನೋಡಿದಳು. ಸಿಟ್ಟು ಇರಲಿಲ್ಲ.

"ಇದ್ದೀತು ಬಿಡಪಾ. ನೀ ಕಲತಾವ" ಎಂದು ಎದ್ದು ಬಡಿಸಲು ಹೋದಳು.

ಅಲ್ಲಿಂದ ಮುಂದೆ ಗಿರಣಿಯಲ್ಲಿ ಯಾರಾದರೂ ಮೀನಿನ ಮಾತು ತೆಗೆದರೆ, ಏನಿಲ್ಲ ಬೇ, ಬರೀ ನೀರು ಎನ್ನುತ್ತಿದ್ದಳಂತೆ. ಮಾವನಿಗೆ ಮೋಟರು ಬಂದ್ ಮಾಡುವ ಪ್ರಸಂಗ ಬರಲಿಲ್ಲ. ರವಿವಾರದ ಫೋನು ನಿಂತಿತು. ನಾನೇ ಮಾಡುತ್ತೇನೆ. ಉಂಡೆಯಾ ಎಂದು ಕೇಳುತ್ತಾಳೆ, ಹೂಂ ಎನ್ನುತ್ತೇನೆ. ಮಳೆಯಾಯಿತೇ ಎಂದು ನಾನು ಕೇಳುತ್ತೇನೆ. ಆಯಿತು, ಅಥವಾ ಆಗಲಿಲ್ಲ. ಆಮೇಲೆ ಇಬ್ಬರೂ ಸ್ವಲ್ಪ ಹೊತ್ತು ಗಿರಣಿಯ ಸದ್ದು ಕೇಳುತ್ತೇವೆ. ಇಡುತ್ತೇನೆ ಎನ್ನುತ್ತಾಳೆ.

ಒಂದು ವರ್ಷ ನನಗೆ ನನ್ನ ಮಾತಿನ ಬಗ್ಗೆ ಸಂಶಯವಿರಲಿಲ್ಲ. ಹೇಳಿದ ರೀತಿ ತಪ್ಪು, ಹೇಳಿದ್ದು ಸರಿ ಎಂದುಕೊಂಡಿದ್ದೆ. ಸಂಶಯ ಶುರುವಾದದ್ದು ತಂಬೂರದಲ್ಲಿ. ಸಮೀಕ್ಷೆಯ ಒಂದು ಮನೆಯಲ್ಲಿ ಪ್ರಶ್ನೆ ಕೇಳಿದ್ದು ಹೆಂಡತಿಗೆ, ಉತ್ತರಿಸುತ್ತಿದ್ದವನು ಗಂಡ. ಅವಳ ಸೊಂಟನೋವು ಎಷ್ಟು ದಿನದ್ದು ಎಂಬುದನ್ನೂ ಅವನೇ ಹೇಳಿದ. ನಮ್ಮ ಫಾರಮ್ಮಿನ ಕೊನೆಯಲ್ಲಿ ಒಂದು ಕಲಮು ಇರುತ್ತದೆ, ಉತ್ತರಿಸಿದವರು ಸ್ವತಃ ಅಥವಾ ಬೇರೆಯವರು ಎಂದು. ಬೇರೆಯವರು ಎಂಬುದಕ್ಕೆ ಗುರುತು ಹಾಕಿದೆ. ಕಲಘಟಗಿಯ ಬಸ್ಸಿಗೆ ಕಾಯುತ್ತ ನಿಂತಾಗ ಅಕ್ಕನ ಮೀನಿಗೆ ಯಾವ ಗುರುತು ಹಾಕಬೇಕು ಎಂಬ ಯೋಚನೆ ಬಂತು.

ಬಸ್ಸಿನಲ್ಲಿ ಕೂತು ಲೆಕ್ಕ ಹಾಕಿದೆ. ಅವಳ ಗಾಜು ಮಸುಕಾಗಿದ್ದನ್ನು ನೀರೊಳಗೆ ನಾನು ನೋಡಿದ್ದರೆ ನನ್ನ ಗಾಜು ತಿಳಿಯಾಗಿರಬೇಕು. ತಿಳಿಯಾಗಿದ್ದರೆ ನಾನೇನು ನೋಡಿದೆ? ಒಂದು ಮೀನು ನೆನಪಿಲ್ಲ. ಒಂದು ಕಲ್ಲು, ಒಂದು ಬಣ್ಣ ನೆನಪಿಲ್ಲ. ನೆನಪಿರುವುದು ಉಸಿರಿನ ಸದ್ದು ಮತ್ತು ಬೆಳ್ಳಗಿನ ಬೆಳಕು. ಆ ಬಿಳಿ ಯಾರದು? ಇನ್ನು ಮೇಲೆ ಬಂದ ಬಳಿಕ ನಾನು ನೋಡಿದ ಮಂಜು ಬಿಸಿ ಮುಖದಿಂದ ತೆಗೆದ ಯಾವ ಗಾಜಿಗಾದರೂ ಕಟ್ಟಬಹುದು. ಅದು ಸಾಕ್ಷಿಯೇ ಅಲ್ಲ. ಹುಬ್ಬಳ್ಳಿ ಬರುವಷ್ಟರಲ್ಲಿ ನನ್ನ ಹತ್ತಿರ ಏನೂ ಉಳಿದಿರಲಿಲ್ಲ.

ಆ ರಾತ್ರಿಯೇ ಫೋನಿನಲ್ಲಿ ಹುಡುಕಿ ನೋಡಬಹುದಿತ್ತು. ಹಸಿರು ಮೀನು, ಗಿಣಿಯ ಕೊಕ್ಕು ಎಂದು ಬರೆದರೆ ಸಾಕಿತ್ತು. ಎರಡು ತಿಂಗಳು ನೋಡಲಿಲ್ಲ. ನೋಡಿದಾಗ, ಇತ್ತು. ಹವಳದ ಬಂಡೆಯನ್ನು ಹಲ್ಲಿನಿಂದ ಕೆರೆದು ತಿನ್ನುವ ಮೀನು. ಹಸಿರು, ನೀಲಿ, ಗಿಣಿಯಂಥದೇ ಬಾಯಿ. ಆದರೆ ಜಗತ್ತಿನಲ್ಲಿ ಇರುವುದು ಬೇರೆ, ಆ ದಿನ ಅಲ್ಲಿ ಇದ್ದು ಅವಳಿಗೆ ಕೇಳಿಸಿದ್ದು ಬೇರೆ ಎಂದು ಮತ್ತೆ ನನ್ನೊಳಗಿನ ವಕೀಲ ಎದ್ದ.

ನೀರೊಳಗೆ ಬೋಟಿನವರು ಕ್ಯಾಮೆರಾ ಹಿಡಿದು ಎಲ್ಲರದೂ ವಿಡಿಯೋ ತೆಗೆದಿದ್ದರು, ಅಧ್ಯಕ್ಷೆಯ ಫೋನಿಗೆ ಕಳಿಸಿದ್ದರು. ಆ ಫೋನು ಕೆಟ್ಟು ಮೂಲೆ ಸೇರಿತ್ತು. ಅವಳ ಸೊಸೆ ಹೇಗೋ ಹೊರತೆಗೆದು ಕೊಟ್ಟಳು. ಅಕ್ಕನ ಗಾಜು ಆಗ ಹೇಗಿತ್ತು ಎಂದು ಅಧ್ಯಕ್ಷೆಯನ್ನೇ ಕೇಳಿದೆ. ಮಸಕಿತ್ತು ಎಂದಳು ಮೊದಲು. ಚಹಾ ಕುಡಿದು ಮುಗಿಸುವಷ್ಟರಲ್ಲಿ, ಇಲ್ಲ ಇಲ್ಲ, ಆ ಬೋಟಿನಾತ ತಾನೇ ಒಂದು ಹನಿ ಶಾಂಪೂ ಹಚ್ಚಿ ತೊಳೆದು ಕೊಟ್ಟ ಎಂದಳು. ಯಾರಿಗೆ ತೊಳೆದು ಕೊಟ್ಟ ಎಂದರೆ, ಅದು ನೆನಪಿಲ್ರಿ ಸರ, ನನಗೇ ಇರಬೇಕು ಎಂದಳು.

ವಿಡಿಯೋದಲ್ಲಿ ನಾವಿಬ್ಬರೂ ಇರುವುದು ಕೆಲವೇ ಕ್ಷಣ. ಕೆಳಗಿನಿಂದ ಮೇಲಕ್ಕೆ ತೆಗೆದದ್ದು. ಬಳೆಯ ಆಚೆ ಅಕ್ಕನ ಮುಖ ಬಗ್ಗಿದೆ, ಗಾಜಿನ ಮೇಲೆ ಬಿಸಿಲು ಹೊಳೆದು ಒಳಗೆ ಏನಿದೆ ಗೊತ್ತಾಗುವುದಿಲ್ಲ. ಈಚೆ ನನ್ನ ಮುಖ. ನನ್ನ ಕಣ್ಣು ಕಾಣುವುದಿಲ್ಲ. ಗಾಜು ಸುಣ್ಣ ಬಳಿದಂತೆ ಬೆಳ್ಳಗಿದೆ.

ಹತ್ತಿಪ್ಪತ್ತು ಸಲ ನಿಲ್ಲಿಸಿ ನಿಲ್ಲಿಸಿ ನೋಡಿದೆ. ನಾನು ಉಗುಳಿರಲಿಲ್ಲ. ಉಗುಳಿದ್ದರೆ ಹಾಗಾಗುತ್ತಿರಲಿಲ್ಲ. ಅಷ್ಟೆಲ್ಲ ಪಾಠ ಹೇಳಿದವನ ಬಾಯಿ, ನೀರಿನ ಮೇಲೆ ಬಗ್ಗಿದಾಗ ಒಣಗಿರಬೇಕು.

ಮೊರಬಕ್ಕೆ ಹೋದೆ. ಮಧ್ಯಾಹ್ನ, ಗಿರಣಿಯಲ್ಲಿ ಗಿರಾಕಿ ಇರಲಿಲ್ಲ. ಅಕ್ಕ ಕೈಗೆ ಮೆತ್ತಿದ ಹಿಟ್ಟನ್ನು ಒರೆಸಿಕೊಂಡು ಫೋನು ಹಿಡಿದಳು. ತನ್ನ ಮುಖದ ಕಡೆ ನೋಡಲೇ ಇಲ್ಲ.

"ನಿಂದ ಬೆಳ್ಳಗಾಗೇತಲ್ಲೋ ತಮ್ಮಾ. ನಿನಗೇನೂ ಕಾಣಲೇ ಇಲ್ಲೇನು?"

ಇಲ್ಲ ಎಂದು ತಲೆಯಾಡಿಸಿದೆ.

"ಆವಾಗ ಹೇಳಬಾರದೇನ? ನಂದು ಕೊಡ್ತಿದ್ನಲ್ಲ."

ಕ್ಷಮೆ ಕೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ. ಅವೆಲ್ಲ ಎಲ್ಲಿ ಹೋದವೋ. ಬಾಯಿಗೆ ಬಂದದ್ದು ಮತ್ತೊಂದು ಪ್ರಶ್ನೆ. ನಿನ್ನದು ತಿಳಿಯಾಗಿತ್ತೇನಕ್ಕಾ ಎಂದು ಕೇಳಿಬಿಟ್ಟೆ.

ಅವಳು ಫೋನು ನನ್ನ ಕೈಗೆ ಕೊಟ್ಟಳು. "ನಾ ಹೇಳಿದ್ರ ನೀ ನಂಬ್ತಿಯೇನು?"

ಹೌದು ಎನ್ನಲು ಎಷ್ಟು ಹೊತ್ತು ಬೇಕು? ನಾನು ಆ ಹೊತ್ತನ್ನು ಮೀರಿ ಸುಮ್ಮನಿದ್ದೆ. ಅಷ್ಟರಲ್ಲಿ ಯಾರೋ ಜೋಳದ ಡಬ್ಬಿ ತಂದಿಟ್ಟರು, ಮಾವ ಮೋಟರು ಶುರು ಮಾಡಿದರು. ಅಕ್ಕ ನನಗೆ ಊಟಕ್ಕೆ ಏಳು ಎಂದು ಕೈಸನ್ನೆ ಮಾಡಿದಳು.

ಅದೇ ವಾರ ಅಣ್ಣಿಗೇರಿಗೂ ಹೋದೆ. ಎಲ್ಲರೆದುರು ಹೇಳಿದ್ದನ್ನು ಕೊನೆಯ ಪಕ್ಷ ಬೀಗತಿಯ ಎದುರಾದರೂ ಹಿಂದಕ್ಕೆ ತೆಗೆದುಕೊಳ್ಳಬೇಕಿತ್ತು. ಅವರು ಕುಳ್ಳಿರಿಸಿ ಚಹಾ ಕೊಟ್ಟರು, ಮೊಮ್ಮಗನನ್ನು ತೋರಿಸಿದರು. ನಾನು ಅಂದು ಹಾಗೆ ಹೇಳಿದ್ದು ತಪ್ಪು, ಮಸುಕಾಗಿದ್ದದ್ದು ನನ್ನ ಗಾಜು ಎಂದು ಹೇಳಿದೆ. ಯಾವಾಗ, ಏನು ಎಂದು ಕೇಳಿದರು. ಕುಬಸದ ದಿನ ಎಂದೆ. ಅವರಿಗೆ ನೆನಪಿರಲಿಲ್ಲ. ತಮ್ಮ ಮಾತೂ ನೆನಪಿರಲಿಲ್ಲ, ಜನ ನಕ್ಕದ್ದೂ ನೆನಪಿರಲಿಲ್ಲ. ನಾನು ಎಲ್ಲವನ್ನೂ ಮೊದಲಿನಿಂದ ಹೇಳಿದೆ. ಅವರು 'ಕಣ್ಣು ಮುಚ್ಚಿ ನೋಡಿದ' ಮಾತಿಗೆ ಹೊಸದಾಗಿ ಕೇಳಿದವರಂತೆ ನಕ್ಕು, ಕೂಸನ್ನು ತೊಡೆಯ ಮೇಲೆ ಸರಿಪಡಿಸಿಕೊಂಡು ಕೇಳಿದರು.

"ಅದೆಲ್ಲಾ ಇರ್ಲಿ. ಈಗ ಆ ಮೀನ ಖರೇನೋ ಸುಳ್ಳೋ, ಅದನ್ನ ಹೇಳ್ರಿ."

ನನ್ನ ಗಾಜಿನ ಸಂಗತಿ ಯಾರಿಗೂ ಬೇಕಾಗಿರಲಿಲ್ಲ. ಸರಿಯಾಗಿಯೇ ಕೇಳಿದ್ದರು. ನನಗೆ ಗೊತ್ತಿಲ್ಲ ಎಂದೆ.

ಹೀಗಾಗಿ ಮಳೆಗಾಲ ಕಳೆದು ಬೋಟು ಮತ್ತೆ ಶುರುವಾದ ಮೇಲೆ ಒಬ್ಬನೇ ಮುರುಡೇಶ್ವರಕ್ಕೆ ಹೋದೆ. ಅಕ್ಕನಿಗೆ ಹೇಳಲಿಲ್ಲ. ಬೋಟಿನಲ್ಲಿ ಯಾವುದೋ ಊರಿನ ಗೆಳೆಯರ ಗುಂಪಿತ್ತು. ನನಗೆ ಅಂಚಿನಲ್ಲಿ ಜಾಗ ಕೊಟ್ಟು ತಮ್ಮ ಪಾಡಿಗೆ ಫೋಟೋ ತೆಗೆದುಕೊಳ್ಳುತ್ತಿದ್ದರು. ಒಬ್ಬ ನನ್ನ ಕೈಗೆ ಫೋನು ಕೊಟ್ಟು ಗುಂಪಿನ ಚಿತ್ರ ತೆಗೆಯಿರಿ ಎಂದ. ತೆಗೆದುಕೊಟ್ಟೆ. ಲಂಗರು ಹಾಕಿದ ಮೇಲೆ ಕನ್ನಡಕ ಹಿಡಿದು ನೀರಿನ ಮೇಲೆ ಬಗ್ಗಿದೆ. ಈ ಸಲವೂ ಉಗುಳು ಬರಲಿಲ್ಲ. ನೀರಿಗಿಳಿಸುವವನು ಬೇರೆಯವನು. ನನ್ನ ಕೈಯಿಂದ ಅದನ್ನು ತೆಗೆದುಕೊಂಡು, ಬಾಟಲಿಯಿಂದ ಒಂದು ಹನಿ ಶಾಂಪೂ ಹಾಕಿ ತೊಳೆದು ಕೊಟ್ಟ.

ಬಳೆಗೆ ಜೊತೆ ಇರಲಿಲ್ಲವಾದ್ದರಿಂದ ನಾನೊಬ್ಬನೇ. ಕೆಳಗೆ ಕಂದು ಬಣ್ಣದ ಬಂಡೆಗಳು, ಅವುಗಳ ಮೇಲೆ ಪಟ್ಟೆ ಪಟ್ಟೆಯ ಸಣ್ಣ ಮೀನುಗಳು ಗುಂಪಾಗಿ ಹೋಗಿ ಬರುತ್ತಿದ್ದವು. ಹಸಿರು ಮೀನು ಕಾಣಲಿಲ್ಲ. ಎಡಕ್ಕೆ ನೋಡಿದೆ, ಬಲಕ್ಕೆ ನೋಡಿದೆ. ಕಿವಿಯಲ್ಲಿ ಮತ್ತೆ ಅದೇ ನನ್ನ ಉಸಿರು. ಬಳೆ ಎಳೆಯುತ್ತಿದ್ದವನು ಮುಖವೆತ್ತಿ ಹೊರಡೋಣವೇ ಎಂದು ಕೇಳಿದ. ಕಲ್ಲು ಕಡಿಯುವ ಹಸಿರು ಮೀನು ಇದೆಯೇ ಇಲ್ಲಿ ಎಂದು ಕೇಳಿದೆ. ಇದೆ, ಇವತ್ತು ಆಳದಲ್ಲಿರಬೇಕು ಎಂದ. ಸದ್ದು ಕೇಳುತ್ತದಂತಲ್ಲ ಎಂದೆ. ಅವನು ನನ್ನ ಬಾಯಿಂದ ಕೊಳವೆ ತೆಗೆಸಿ, ಬರೇ ಉಸಿರು ಕಟ್ಟಿ ಮುಖ ಹಾಕಿ ಎಂದ.

ಅಕ್ಕನಿಗೆ ಆ ದಿನ ಕೊಳವೆಯಲ್ಲಿ ಉಸಿರಾಡಲು ಬಂದಿತ್ತೋ ಇಲ್ಲವೋ, ಹೆದರಿ ಉಸಿರು ಬಿಗಿಹಿಡಿದೇ ಇದ್ದಳೋ, ನನಗೆ ತಿಳಿಯದು. ಅವಳ ಗಾಜು ತಿಳಿಯಾಗಿತ್ತೋ ಇಲ್ಲವೋ ಎಂಬುದೂ ಇನ್ನು ತಿಳಿಯುವಂತಿಲ್ಲ. ನಾನು ಉಸಿರು ಕಟ್ಟಿದೆ. ಮೊದಲು ಏನೂ ಇರಲಿಲ್ಲ. ಆಮೇಲೆ ಕೆಳಗಿನಿಂದ, ಎಲ್ಲಿಂದ ಎಂದು ಗೊತ್ತಾಗದಂತೆ, ಬಂತು. ಮೂರು ಸಲ ಮುಖವೆತ್ತಿ ಉಸಿರು ತೆಗೆದುಕೊಂಡು ಮತ್ತೆ ಹಾಕಿದೆ. ಮೂರು ಸಲವೂ ಕೇಳಿತು. ಆ ಮೀನು ಕಲ್ಲು ಕಡಿಯುವ ಸದ್ದು ನೀರೊಳಗೆ ಕೇಳುತ್ತದೆ, ಹುರಿಗಡಲೆ ಕಡಿದಂತೆಯೇ ಕೇಳುತ್ತದೆ.